ಬೇಲಿಯ ಕಳ್ಳಿಗೆ ದಂಟಿನ ಸೊಪ್ಪು ಏನಾಗಬೇಕು?

ಪ್ರಶ್ನೆ: ಚಳ್ಳಕೆರೆ ಹತ್ತಿರ ನಮ್ಮದು ಮೂರು ಎಕರೆ ಹೊಲ. ಬೇಲಿಯಲ್ಲಿ ಹಾಲುಗಳ್ಳಿ, ಪಾಪಾಸುಕಳ್ಳಿ, ಕತ್ತಾಳೆ ಮೂರೂ ಇವೆ. ಮೊದಲ ವರ್ಷದ ಪಿಯುಸಿ ಓದುತ್ತಿರುವ ಮಗಳು "ಅಪ್ಪಾ, ಈ ಎರಡು ಕಳ್ಳಿಗೂ ಸಂಬಂಧವೇ ಇಲ್ಲ, ಪಾಪಾಸುಕಳ್ಳಿ ಬೀಟ್‌ರೂಟು, ದಂಟಿನ ಸೊಪ್ಪಿನ ಗಣಕ್ಕೆ ಸೇರಿದ್ದು" ಎನ್ನುತ್ತಾಳೆ. ಕಣ್ಣಿಗೆ ಹಾಗೆ ಕಾಣುವುದಿಲ್ಲವಲ್ಲ? ಯಾವ ಆಧಾರದ ಮೇಲೆ ಹೀಗೆ ಹೇಳುತ್ತಾರೆ?

ಉತ್ತರ: ನಿಮ್ಮ ಮಗಳು ಹೇಳಿದ್ದು ಪೂರ್ತಿ ಸರಿ. ಮೊದಲು ಅವಳಿಗೆ ಶಹಬ್ಬಾಸ್ ಹೇಳಿಬಿಡಿ. ನೀವು ನಂಬದೆ ಹೋದದ್ದರಲ್ಲೂ ತಪ್ಪಿಲ್ಲ. ನೂರು ವರ್ಷದ ಹಿಂದಿನ ದೊಡ್ಡ ದೊಡ್ಡ ಸಸ್ಯಶಾಸ್ತ್ರಜ್ಞರೇ ಪಾಪಾಸುಕಳ್ಳಿಯನ್ನು ದಂಟಿನ ಪಕ್ಕ ಕೂರಿಸಲು ಒಪ್ಪಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ದುರ್ಗದಲ್ಲೇ. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದ್ದೇನೆ. ನಿಮ್ಮ ಬೇಲಿಯಂಥ ಬೇಲಿಗಳ ಪಕ್ಕದಲ್ಲಿ ಹುಡುಗರನ್ನು ನಿಲ್ಲಿಸಿಕೊಂಡು ಎಷ್ಟೋ ಸಲ ಇದೇ ವಿಷಯ ಹೇಳಿದ್ದೇನೆ. ಆದ್ದರಿಂದ ಬೇಲಿಯಿಂದಲೇ ಶುರು ಮಾಡುತ್ತೇನೆ.

ಮುರಿದರೆ ಹಾಲು ಸುರಿಸುವ ಕಳ್ಳಿ ಯುಫೋರ್ಬಿಯಾ ಜಾತಿಯದು. ಅದರ ಹತ್ತಿರದ ನೆಂಟ ಯಾರು ಗೊತ್ತೇ? ನಿಮ್ಮ ಹೊಲದ ಬದುವಿನಲ್ಲಿ ಇದ್ದರೂ ಇರಬಹುದು: ಹರಳು, ಅಂದರೆ ಔಡಲ. ಕಳ್ಳಿಯ ಕಾಯಿ ಸಿಕ್ಕಾಗ ಹರಳಿನ ಕಾಯಿಯ ಪಕ್ಕ ಇಟ್ಟು ನೋಡಿ. ಎರಡಕ್ಕೂ ಮೂರು ಉಬ್ಬು, ಉಬ್ಬಿಗೊಂದು ಬೀಜ, ಒಣಗಿದ ಮೇಲೆ ಸಿಡಿಯುವ ಸ್ವಭಾವ. ಮರಗೆಣಸು, ರಬ್ಬರ್ ಮರ ಕೂಡ ಇದೇ ಮನೆಯವು. ಇನ್ನು ಕತ್ತಾಳೆ ಏಕದಳ ಸಸ್ಯ, ಮೂಲ ಅಮೆರಿಕ. ಅದು ಸೇರುವ ಗಣದಲ್ಲೇ (ಗಣ ಎಂದರೆ ನೆಂಟ ಕುಟುಂಬಗಳ ಗುಂಪು) ಲೋಳೆಸರವೂ ಇದೆ, ನಿಮ್ಮ ಸೀಮೆಯ ರೈತರು ಮಳೆ ನಂಬಿ ಹಾಕುವ ಈರುಳ್ಳಿಯೂ ಇದೆ. ಪಾಪಾಸುಕಳ್ಳಿಯ ಬಳಗ ಬೇರೆಯೇ: ದಂಟು, ಹರಿವೆ, ರಾಜಗಿರಿ, ಬೀಟ್‌ರೂಟು, ಪಾಲಕ್, ಬಸಳೆ, ಗೋಣಿಸೊಪ್ಪು, ಅಣ್ಣೆಸೊಪ್ಪು, ಹೊನಗೊನೆ, ಉತ್ತರಾಣಿ, ಕೊಮ್ಮೆ, ಸಂಜೆಮಲ್ಲಿಗೆ, ಕಾಗದದ ಹೂವು. ದಾವಣಗೆರೆ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ಸೊಪ್ಪಿನವರ ಮುಂದೆ ಕೂತರೆ ಈ ಗಣದ ಅರ್ಧ ಸಂಸಾರ ಗೋಣಿತಾಟಿನ ಮೇಲೆ ಹರಡಿಕೊಂಡಿರುತ್ತದೆ.

ಹೀಗೆ ಒಂದೇ ಬೇಲಿಯಲ್ಲಿ ಒಂದು ಹರಳಿನ ನೆಂಟ, ಒಂದು ಈರುಳ್ಳಿಯ ನೆಂಟ, ಒಂದು ದಂಟಿನ ನೆಂಟ. ಮೂರೂ ಮೈದುಂಬಿಕೊಂಡು, ಮುಳ್ಳು ಹೊತ್ತು, ನೀರು ಹಿಡಿದಿಟ್ಟುಕೊಂಡು ನಿಂತಿರುವುದು ಬಿಸಿಲಿಗೆ ಕಂಡುಕೊಂಡ ಉಪಾಯ. ಹಾಲುಗಳ್ಳಿಯ ವಂಶವೂ ಪಾಪಾಸುಕಳ್ಳಿಯ ವಂಶವೂ ಬೇರೆಯಾಗಿ ಹತ್ತು ಕೋಟಿ ವರ್ಷಕ್ಕೂ ಹೆಚ್ಚಾಯಿತು. ಒಂದು ಆಫ್ರಿಕಾ, ಏಷ್ಯಾದ ಒಣನೆಲದಲ್ಲಿ, ಇನ್ನೊಂದು ಅಮೆರಿಕದ ಒಣನೆಲದಲ್ಲಿ ಒಂದೇ ಕಷ್ಟಕ್ಕೆ ಒಂದೇ ಪರಿಹಾರ ಕಂಡುಕೊಂಡವು. ಕೋಟೆ ಹತ್ತುವಾಗ ಬಂಡೆಗಳ ಸಂದಿಯಲ್ಲಿ ನಾಲ್ಕು ಏಣಿನ ಮಾಂಗರವಳ್ಳಿ ನೋಡಿರುತ್ತೀರಿ. ಅದೂ ಕಳ್ಳಿಯ ಹಾಗೇ ಕಾಣುತ್ತದೆ, ಆದರೆ ಅದು ದ್ರಾಕ್ಷಿಯ ಕುಟುಂಬದ್ದು.

ಎರಡು ಕಳ್ಳಿಗಳ ವ್ಯತ್ಯಾಸ ಬರಿಗಣ್ಣಿಗೇ ಸಿಗುತ್ತದೆ. ಪಾಪಾಸುಕಳ್ಳಿಯ ಮುಳ್ಳು ಎಲ್ಲಿಂದ ಹೊರಟಿದೆ ಎಂದು ಗಮನಿಸಿ. ಪ್ರತಿ ಮುಳ್ಳಿನ ಗೊಂಚಲ ಬುಡದಲ್ಲಿ ನಾರುನಾರಾದ ಪುಟ್ಟ ದಿಂಬಿನಂಥ ಜಾಗ ಇರುತ್ತದೆ. ಅದು ಕುಗ್ಗಿ ಕುಗ್ಗಿ ಚುಕ್ಕೆಯಷ್ಟಾದ ಒಂದು ಕೊಂಬೆ. ದೊಡ್ಡ ಮುಳ್ಳಿನ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆ ಮುಳ್ಳುಗಳೂ ಅಲ್ಲೇ ಹುಟ್ಟುತ್ತವೆ. ಬೆರಳಿಗೆ ಚುಚ್ಚಿಕೊಂಡರೆ ಎರಡು ದಿನ ಕಾಡುವುದು ಇವೇ. ಈ ದಿಂಬು ಕಳ್ಳಿ ಕುಟುಂಬದ, ಅಂದರೆ ಕ್ಯಾಕ್ಟಸ್ ಕುಟುಂಬದ ಗುರುತಿನ ಚೀಟಿ. ಹಣ್ಣಿನ ಮೈಮೇಲೂ ಈ ದಿಂಬು ಇರುತ್ತದೆ, ಏಕೆಂದರೆ ಅಂಡಾಶಯವೇ ಕಾಂಡದೊಳಗೆ ಹುದುಗಿಕೊಂಡಿರುತ್ತದೆ. ಹಾಲುಗಳ್ಳಿಯಲ್ಲಿ ಹುಡುಕಿದರೂ ಇದು ಸಿಗದು. ಅಲ್ಲಿ ಸಾಮಾನ್ಯವಾಗಿ ಏಣಿನ ಮೇಲೆ ಮುಳ್ಳು ಜೋಡಿಯಾಗಿ ಕೂತಿರುತ್ತದೆ. ನಮ್ಮ ಜನ ಎರಡನ್ನೂ ಕಳ್ಳಿ ಎಂದು ಕರೆದದ್ದು ಮೈಕಟ್ಟು ನೋಡಿ. ಹೊರಗಿನಿಂದ ಬಂದದ್ದಕ್ಕೆ ಪಾಪಾಸು ಎಂದು ಸೇರಿಸಿದ್ದು ಮಾತ್ರ ಬಹಳ ಚೆನ್ನಾದ ಮಾತು. ಪಾಪಾಸು ಎಂದರೆ ಚಪ್ಪಲಿ, ಪಾರಸಿಯಿಂದ ಬಂದ ಪದ. ಅಟ್ಟೆಯಂಥ ಆ ಕಾಂಡವನ್ನು ಇದಕ್ಕಿಂತ ಸರಿಯಾಗಿ ಯಾರು ಹೆಸರಿಸಿಯಾರು?

ಈಗ ನಿಮ್ಮ ನಿಜವಾದ ಪ್ರಶ್ನೆ. ದಂಟಿಗೂ ಪಾಪಾಸುಕಳ್ಳಿಗೂ ನಂಟು ಎಂದು ಹೇಳುವುದು ಹೇಗೆ?

ನಾವು ಚಿಕ್ಕವರಿದ್ದಾಗ ಪಾಪಾಸುಕಳ್ಳಿ ಹಣ್ಣನ್ನು ಕಡ್ಡಿಯಿಂದ ಕೆಡವಿ, ಕಲ್ಲಿಗೆ ಉಜ್ಜಿ ಮುಳ್ಳು ತೆಗೆದು ತಿನ್ನುತ್ತಿದ್ದೆವು. ನಾಲಿಗೆ, ತುಟಿ, ಅಂಗಿಯ ತುದಿ ಎಲ್ಲ ಕಡುಗೆಂಪು. ಮನೆಗೆ ಬಂದರೆ ಎಲ್ಲಿ ಅಲೆಯಲು ಹೋಗಿದ್ದೆವೆಂದು ಅವ್ವನಿಗೆ ನಾಲಿಗೆ ನೋಡಿದರೇ ಗೊತ್ತಾಗುತ್ತಿತ್ತು. ಆ ಕೆಂಪಿಗೂ ಬೀಟ್‌ರೂಟು ಹೆಚ್ಚಿದಾಗ ಕೈಗೆ ಹತ್ತುವ ಕೆಂಪಿಗೂ ಕಾರಣ ಒಂದೇ ವಸ್ತು, ಬೀಟಾನಿನ್. ಕೆಂಪು ದಂಟಿನ ಬಣ್ಣ, ಕಾಗದದ ಹೂವಿನ ಬಣ್ಣ, ಬಸಳೆ ಹಣ್ಣಿನ ನೇರಳೆ ಎಲ್ಲವೂ ಇದರ ದಾಯಾದಿಗಳು. ಈ ಇಡೀ ಬಣ್ಣದ ಗುಂಪಿಗೆ ಬೀಟಲೇನ್ ಎಂದು ಹೆಸರು.

ಇದರಲ್ಲೇನು ವಿಶೇಷ ಎಂದರೆ, ಉಳಿದ ಸಸ್ಯಲೋಕದಲ್ಲಿ ಕೆಂಪು, ನೇರಳೆ, ನೀಲಿಗೆ ಬಹುಮಟ್ಟಿಗೆ ಆಂಥೋಸಯನಿನ್ ಎಂಬ ಬೇರೆ ಬಣ್ಣ ಕಾರಣ. ದಾಸವಾಳ, ಶಂಖಪುಷ್ಪ, ನೇರಳೆ ಹಣ್ಣು, ಬದನೆಕಾಯಿ ಸಿಪ್ಪೆ ಎಲ್ಲ ಅದೇ. ಆಂಥೋಸಯನಿನ್ ತಯಾರಾಗುವುದು ಫಿನೈಲಲನಿನ್ ಎಂಬ ಅಮೈನೋ ಆಮ್ಲದಿಂದ. ಬೀಟಲೇನ್ ತಯಾರಾಗುವುದು ಟೈರೋಸಿನ್ ಎಂಬ ಇನ್ನೊಂದರಿಂದ, ಅದರೊಳಗೆ ಸಾರಜನಕವೂ ಇರುತ್ತದೆ. ಬೀಟಲೇನ್ ಮಾಡುವ ಗಿಡ ಆಂಥೋಸಯನಿನ್ ಮಾಡುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವ ಗಿಡ ಇದುವರೆಗೆ ಪ್ರಕೃತಿಯಲ್ಲಿ ಕಂಡಿಲ್ಲ. ಹೂಬಿಡುವ ಸಸ್ಯಗಳಲ್ಲಿ ಬೀಟಲೇನ್ ಇರುವುದು ಈ ಒಂದೇ ಗಣದಲ್ಲಿ.

ಇದನ್ನು ನಿಮ್ಮ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು, ಮಗಳ ಜೊತೆ ಮಾಡಿ. ಒಂದು ಲೋಟದಲ್ಲಿ ಬೀಟ್‌ರೂಟು ತುರಿದು ಹಿಂಡಿದ ನೀರು, ಇನ್ನೊಂದರಲ್ಲಿ ಪಾಪಾಸುಕಳ್ಳಿ ಹಣ್ಣಿನ ರಸ, ಮೂರನೆಯದರಲ್ಲಿ ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ನೀರು. ಎಲೆಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿ ತೆಗೆದುಕೊಳ್ಳಿ. ಕಣ್ಣಿಗೆ ಹಾರದಂತೆ ಜೋಪಾನ. ಮೊದಲು ಮೂರಕ್ಕೂ ನಾಲ್ಕು ಹನಿ ನಿಂಬೆರಸ ಹಿಂಡಿ. ದಾಸವಾಳದ ನೀರು ತಟ್ಟನೆ ಹೊಳೆಯುವ ಗುಲಾಬಿ ಕೆಂಪಾಗುತ್ತದೆ. ಉಳಿದೆರಡು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತವೆ. ಈಗ ಬೇರೆ ಲೋಟಗಳಲ್ಲಿ ಹೊಸದಾಗಿ ತೆಗೆದುಕೊಂಡು ಸುಣ್ಣದ ತಿಳಿ ಹಾಕುತ್ತ ಬನ್ನಿ. ದಾಸವಾಳ ಹಸಿರಿಗೆ ತಿರುಗುತ್ತದೆ. ಬೀಟ್‌ರೂಟೂ ಕಳ್ಳಿ ಹಣ್ಣೂ ಹಳದಿಗೆ ತಿರುಗುತ್ತವೆ. ಒಂದೇ ಸುಣ್ಣಕ್ಕೆ ಒಂದು ಮನೆಯವರು ಒಂದು ಥರ, ಇನ್ನೊಂದು ಮನೆಯವರು ಇನ್ನೊಂದು ಥರ. ನನ್ನ ತರಗತಿಯಲ್ಲಿ ಪಾಠಕ್ಕೆ ತೂಕಡಿಸುತ್ತಿದ್ದ ಹುಡುಗರೂ ಈ ಲೋಟಗಳ ಮುಂದೆ ಎದ್ದು ನಿಲ್ಲುತ್ತಿದ್ದರು.

ಬಣ್ಣವೊಂದನ್ನೇ ನಂಬಿ ನೆಂಟಸ್ತನ ಹೇಳಬಾರದು, ಅದೂ ನಿಜ. ಅದಕ್ಕೇ ಬೀಜದೊಳಗೆ ನೋಡಬೇಕು. ರಾಜಗಿರಿ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒಂದು ಕಾಳನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಸೀಳಿ ಲೆನ್ಸಿನ ಕೆಳಗೆ ಇಡಿ. ಭ್ರೂಣ ಅಂಚಿನಗುಂಟ ಉಂಗುರದಂತೆ ಬಾಗಿ ಮಲಗಿರುತ್ತದೆ, ನಡುವೆ ಬಿಳಿ ಹಿಟ್ಟು. ಜೋಳ, ರಾಗಿಯಲ್ಲಿ ನಾವು ತಿನ್ನುವ ಹಿಟ್ಟು ಗರ್ಭಧಾರಣೆಯಾದ ಮೇಲೆ ತಂದೆತಾಯಿ ಇಬ್ಬರ ಪಾಲಿನಿಂದ ಹುಟ್ಟಿದ್ದು. ರಾಜಗಿರಿಯಲ್ಲಿ ಹಾಗಲ್ಲ, ಆ ಹಿಟ್ಟು ಪೂರ್ತಿ ತಾಯಿಯ ಅಂಗಾಂಶ, ಮರಿಗೆಂದು ಕಟ್ಟಿಕೊಟ್ಟ ಬುತ್ತಿ. ಬಾಗಿದ ಭ್ರೂಣ, ತಾಯಿಯ ಬುತ್ತಿ: ಇದು ಈ ಗಣದ ಮುಖ್ಯ ಶಾಖೆಯ ಲಕ್ಷಣ. ಪಾಪಾಸುಕಳ್ಳಿಯ ಗಟ್ಟಿ ಬೀಜ ಒಡೆದರೆ ಅಲ್ಲೂ ಭ್ರೂಣ ಹೀಗೇ ಸುತ್ತಿಕೊಂಡಿದೆ.

ಶಾಸ್ತ್ರಜ್ಞರು ಇದನ್ನು ಒಪ್ಪಲು ತಡಮಾಡಿದ್ದರ ಕಥೆ ಹೀಗಿದೆ. ಬ್ರಿಟನ್ನಿನ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ತಮ್ಮ ವರ್ಗೀಕರಣ ಪ್ರಕಟಿಸಿದರು. ನಮ್ಮ ದೇಶದ ಸಸ್ಯಸಂಗ್ರಹಾಲಯಗಳಲ್ಲಿ ಒಣಗಿಡಗಳನ್ನು ಬಹುಕಾಲದಿಂದ ಜೋಡಿಸಿಟ್ಟಿರುವುದು ಅವರ ಕ್ರಮದಲ್ಲೇ. ಅವರು ದಳಗಳ ಲೆಕ್ಕ ಹಿಡಿದು ಹೊರಟರು. ದಂಟಿನ ಹೂವಿಗೆ ಬೇರೆಯಾಗಿ ದಳ ಎನ್ನುವಂಥದಿಲ್ಲ, ಒಂದೇ ಸುತ್ತು. ಹಾಗಾಗಿ ಅದು ಏಕಾವರಣದ ಗುಂಪಿಗೆ ಹೋಯಿತು. ಪಾಪಾಸುಕಳ್ಳಿಗೆ ಬಿಡಿಬಿಡಿ ದಳ ಬೇಕಾದಷ್ಟು, ಅದು ಮುಕ್ತದಳದ ಗುಂಪಿಗೆ ಹೋಯಿತು. ಹೀಗೆ ಒಂದೇ ಬಳಗ ಪುಸ್ತಕದ ಎರಡು ಮೂಲೆ ಸೇರಿತು. 1870ರ ದಶಕದಲ್ಲಿ ಜರ್ಮನಿಯ ಐಕ್ಲರ್ ಅಂಡಾಶಯದ ನಡುವೆ ಬೀಜ ಕೂರುವ ರೀತಿ ಗಮನಿಸಿ ದಂಟು, ಗೋಣಿಸೊಪ್ಪು, ಸಂಜೆಮಲ್ಲಿಗೆ ಮುಂತಾದವನ್ನು ಸೆಂಟ್ರೋಸ್ಪರ್ಮೆ ಎಂಬ ಹೆಸರಿನಲ್ಲಿ ಒಟ್ಟು ಮಾಡಿದ. ಆಮೇಲೆ ಬಂದ ಎಂಗ್ಲರ್ ಕಳ್ಳಿಯನ್ನು ಬೇರೆ ಗಣವಾಗಿಯೇ ಉಳಿಸಿಕೊಂಡ. ಬಾಗಿಲು ತೆರೆದದ್ದು ರಸಾಯನಶಾಸ್ತ್ರ. 1960ರ ದಶಕದಲ್ಲಿ ಮ್ಯಾಬ್ರಿ ಮತ್ತು ಡ್ರೈಡಿಂಗ್ ಬೀಟಲೇನ್‌ಗಳ ರಚನೆ ಬಿಡಿಸಿ, ಕಳ್ಳಿಯಲ್ಲೂ ಇದೇ ಬಣ್ಣ ಇರುವುದರಿಂದ ಅದು ಇದೇ ಬಳಗದ್ದು ಎಂಬ ಮಾತಿಗೆ ಬಲ ಕೊಟ್ಟರು. ಅದೇ ಕಾಲಕ್ಕೆ ಬೆಂಕೆ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆಹಾರ ಸಾಗಿಸುವ ನಾಳಗಳನ್ನು ನೋಡಿ, ಈ ಗಿಡಗಳ ನಾಳಗಳೊಳಗಿನ ಪ್ಲಾಸ್ಟಿಡ್ ಎಂಬ ಪುಟ್ಟ ಕಣಗಳಲ್ಲಿ ಪ್ರೋಟೀನು ಉಂಗುರವಾಗಿ ಕೂತಿರುವ ವಿಶೇಷ ರಚನೆ ಕಂಡ. ಕಳ್ಳಿಯಲ್ಲೂ ಅದೇ ಉಂಗುರ. ಕೊನೆಗೆ 1990ರ ದಶಕದಲ್ಲಿ ಡಿಎನ್‌ಎ ಬಂದು ಮುದ್ರೆ ಒತ್ತಿತು.

ಈಗ ಈ ಗಣಕ್ಕೆ ಕ್ಯಾರಿಯೊಫಿಲೇಲ್ಸ್ ಎಂದು ಹೆಸರು. ಲವಂಗದ ಗ್ರೀಕ್ ಹೆಸರಿನಿಂದ, ಲವಂಗದ ವಾಸನೆಯ ಕಾರ್ನೇಶನ್ ಹೂವಿನ ಮೂಲಕ ಬಂದ ಹೆಸರದು. ಲವಂಗ ಮಾತ್ರ ಇದರೊಳಗಿಲ್ಲ, ಅದು ನೇರಳೆ ಮರದ ಕುಟುಂಬ. ಡಿಎನ್‌ಎ ಆಧಾರದ ಮೇಲೆ ಹೂಬಿಡುವ ಸಸ್ಯಗಳನ್ನು ವರ್ಗೀಕರಿಸುವ ತಜ್ಞರ ಗುಂಪು ಎಪಿಜಿ. ಅದರ 2016ರ ನಾಲ್ಕನೆಯ ಪದ್ಧತಿಯ ಪ್ರಕಾರ ಈ ಗಣದಲ್ಲಿ 38 ಕುಟುಂಬ, ಸುಮಾರು 12 ಸಾವಿರ ಪ್ರಭೇದ.

ಡಿಎನ್‌ಎ ಕೊಟ್ಟ ಇನ್ನೊಂದು ಉತ್ತರ ನನಗೆ ಇವತ್ತಿಗೂ ಸಂತೋಷ ಕೊಡುತ್ತದೆ. ಕಳ್ಳಿ ಕುಟುಂಬಕ್ಕೆ ಎಲ್ಲಕ್ಕಿಂತ ಹತ್ತಿರದ ನೆಂಟರ ಪೈಕಿ ಒಂದು ನಮ್ಮ ಗೋಣಿಸೊಪ್ಪು! ಕಳೆ ತೆಗೆದವರಿಗೆಲ್ಲ ಗೊತ್ತು, ಕಿತ್ತು ಬದುವಿಗೆ ಎಸೆದ ಗೋಣಿಸೊಪ್ಪು ದಿನಗಟ್ಟಲೆ ಸಾಯುವುದಿಲ್ಲ, ಒಂದು ಮಳೆ ಬಿದ್ದರೆ ಮತ್ತೆ ಬೇರು ಬಿಡುತ್ತದೆ. ನೀರಿದ್ದಾಗ ಅದು ಜೋಳದ ಹಾಗೆ ಸಿ4 ಎಂಬ, ಬಿಸಿಲಿನಲ್ಲೂ ಚುರುಕಾಗಿ ನಡೆಯುವ ವಿಧಾನದಲ್ಲಿ ಆಹಾರ ತಯಾರಿಸುತ್ತದೆ. ನೀರು ತಪ್ಪಿದಾಗ ಕಳ್ಳಿಯ ಹಾಗೆ ರಾತ್ರಿ ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟು, ಹಗಲು ಎಲೆಯ ಸಣ್ಣ ರಂಧ್ರಗಳ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುವ ವಿಧಾನವನ್ನೂ ಜೊತೆಗೆ ಹಿಡಿಯುತ್ತದೆ. ಎರಡು ವಿಧಾನವೂ ಒಂದೇ ಎಲೆಯಲ್ಲಿ ನಡೆಯುವ ಗಿಡಗಳು ಬಹಳ ಅಪರೂಪ. ಹೂವಿನಲ್ಲೂ ನಂಟು ಕಾಣುತ್ತದೆ. ಗೋಣಿಸೊಪ್ಪಿನ ಜಾತಿಯದೇ ಆದ ಟೇಬಲ್ ರೋಸ್ ಮನೆ ಮುಂದೆ ಇದ್ದರೆ, ಬಿಸಿಲೇರಿದ ಮೇಲೆ ಅರಳಿದ ಹೂವಿನ ಕೇಸರಗಳನ್ನು ಕಸಬರಿಗೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಕೇಸರಗಳು ಅಲುಗಾಡಿ ಬಾಗುತ್ತವೆ. ಪಾಪಾಸುಕಳ್ಳಿಯ ಹಳದಿ ಹೂವಿನ ಕೇಸರಗಳನ್ನು ಮುಟ್ಟಿದರೂ ಹೀಗೇ ಬಾಗುತ್ತವೆ.

ಕಳ್ಳಿ ಕುಟುಂಬ ಹುಟ್ಟಿದ್ದು ಸುಮಾರು ಮೂರೂವರೆ ಕೋಟಿ ವರ್ಷದ ಹಿಂದೆ, ಅಮೆರಿಕ ಖಂಡದಲ್ಲಿ. ಪೆರೆಸ್ಕಿಯಾ ಎಂಬ ಕಳ್ಳಿಗಳು ಇವತ್ತಿಗೂ ಎಲ್ಲ ಗಿಡದಂತೆ ಅಗಲ ಎಲೆ ಬಿಡುತ್ತವೆ. ಆದರೆ ಮುಳ್ಳಿನ ಬುಡದಲ್ಲಿ ಆ ದಿಂಬು ಇದ್ದೇ ಇದೆ. ಎಲೆಯಿದ್ದ ಗಿಡ ಎಲೆ ಬಿಟ್ಟು ಕಾಂಡಕ್ಕೆ ಆಹಾರ ತಯಾರಿಕೆಯ ಕೆಲಸ ವಹಿಸಿದ ದಾರಿ ಅದರಲ್ಲಿ ಕಾಣುತ್ತದೆ. ಈಚೆಗೆ ನಮ್ಮ ರೈತರು ಕಲ್ಲುಕಂಬಕ್ಕೆ ಹಬ್ಬಿಸುತ್ತಿರುವ ಡ್ರ್ಯಾಗನ್ ಫ್ರೂಟ್ ಕೂಡ ಕಳ್ಳಿಯೇ, ಅದರ ಕೆಂಪೂ ಬೀಟಲೇನೇ.

ಒಂದು ತೊಡಕನ್ನು ಮುಚ್ಚಿಡಬಾರದು. ಗಣಕ್ಕೆ ಹೆಸರು ಕೊಟ್ಟ ಕಾರ್ನೇಶನ್ನಿನ ಬಣ್ಣ ಬೀಟಲೇನ್ ಅಲ್ಲ, ಆಂಥೋಸಯನಿನ್! ಹಾಗಾದರೆ ಅದನ್ನು ಹೊರಗೆ ಹಾಕಬೇಕೇ? ಬೇಡ. ಅದರ ಬೀಜ, ನಾಳದ ಉಂಗುರ, ಡಿಎನ್‌ಎ ಎಲ್ಲ ಇದೇ ಬಳಗದವು. ಬೀಟಲೇನ್ ಒಮ್ಮೆ ಹುಟ್ಟಿ ಆಮೇಲೆ ಕೆಲವು ಶಾಖೆಗಳಲ್ಲಿ ಕಳೆದುಹೋಯಿತು ಎಂದು ಮೊದಲು ನಂಬಿದ್ದರು. ಬೀಟಲೇನ್ ಮಾಡುವ ಕಿಣ್ವದ ಜೀನುಗಳನ್ನು ಹೋಲಿಸಿ ನೋಡಿದ ಈಚಿನ ಅಧ್ಯಯನಗಳು, ಈ ಕಸುಬು ಗಣದೊಳಗೆ ಒಂದಕ್ಕಿಂತ ಹೆಚ್ಚು ಬಾರಿ ಬೇರೆ ಬೇರೆಯಾಗಿ ಕುದುರಿರಬಹುದು ಎನ್ನುತ್ತವೆ. ನನಗೆ ಈ ಎರಡನೆಯ ವಿವರಣೆಯೇ ಹೆಚ್ಚು ಒಪ್ಪಿಗೆ. ಇನ್ನೂ ಒಂದು ಸಂಗತಿ. ಪಾಲಕ್ ಆಂಥೋಸಯನಿನ್ ಮಾಡುವುದಿಲ್ಲ, ಆದರೂ ಅದನ್ನು ಮಾಡುವ ಕೊನೆಯ ಹಂತದ ಜೀನುಗಳು ಅದರಲ್ಲಿ ಉಳಿದಿವೆ, ಬೀಜ ಬಲಿಯುವಾಗ ಕೆಲಸವನ್ನೂ ಮಾಡುತ್ತವೆ. ಮೊಳಕಾಲ್ಮೂರಿನಲ್ಲಿ ನೇಯ್ಗೆ ಬಿಟ್ಟು ಬೇರೆ ಕೆಲಸಕ್ಕೆ ಹೋದ ಮನೆಯಲ್ಲೂ ಹಳೆಯ ಮಗ್ಗ ಒಂದು ಮೂಲೆಯಲ್ಲಿ ಇರುತ್ತದಲ್ಲ, ಹಾಗೆ.

ಗಣದ ಇನ್ನೊಂದು ಶಾಖೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನಾಟಿ ಔಷಧಿಯ ಚಿತ್ರಮೂಲ, ಎಲೆಯ ಮೇಲಿನ ಅಂಟಿನಲ್ಲಿ ಕೀಟ ಹಿಡಿಯುವ ಡ್ರೋಸೆರಾ, ಮೇಘಾಲಯದ ಹೂಜಿ ಗಿಡ ಎಲ್ಲ ಈ ಗಣಕ್ಕೇ ಬಂದಿವೆ. ಚಿತ್ರಮೂಲದ ಹೂವಿನ ಬುಡ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಅದರ ಬೇರಿನ ಉರಿಗೆ ಕಾರಣವಾದ ಪ್ಲಂಬಾಜಿನ್ ಎಂಬ ವಸ್ತು ಡ್ರೋಸೆರಾದಲ್ಲೂ ಹೂಜಿ ಗಿಡದಲ್ಲೂ ಸಿಗುತ್ತದೆ.

ನಿಮ್ಮ ಬೇಲಿಯ ಪಾಪಾಸುಕಳ್ಳಿ ಮೇಲೆ ಬಿಳಿ ಹತ್ತಿಯಂಥದ್ದು ಮೆತ್ತಿಕೊಂಡಿದ್ದರೆ ಒಂದು ಕಡ್ಡಿಯಿಂದ ಒತ್ತಿ ನೋಡಿ, ರಕ್ತದಂತೆ ಕೆಂಪು ಬರುತ್ತದೆ. ಅದು ಕಳ್ಳಿಯ ಬಣ್ಣವಲ್ಲ, ಹತ್ತಿಯೊಳಗಿನ ಕೀಟ ತಾನೇ ತಯಾರಿಸುವ ಬೇರೆ ಬಣ್ಣ, ಬೀಟಲೇನ್ ಜೊತೆ ಸೇರಿಸಿಕೊಳ್ಳಬೇಡಿ. ಈಸ್ಟ್ ಇಂಡಿಯಾ ಕಂಪನಿಯವರು ಈ ಕೀಟದ ಬಣ್ಣದ ಆಸೆಗೆ ಬಿದ್ದು ಪಾಪಾಸುಕಳ್ಳಿ ಬೆಳೆಸಲು ಹೊರಟಿದ್ದರು. 1795ರಲ್ಲಿ ಬ್ರೆಜಿಲ್‌ನಿಂದ ತರಿಸಿದ ಕೀಟ ಒಳ್ಳೆಯ ಬಣ್ಣ ಕೊಡುವ ಪ್ರಭೇದವಾಗಿರಲಿಲ್ಲ. ಬೇಕಾದಂಥ ಬಣ್ಣ ಬರಲಿಲ್ಲ, ಒಂದು ಜಾತಿಯ ಪಾಪಾಸುಕಳ್ಳಿಯನ್ನು ಮಾತ್ರ ಅದು ತಿಂದು ಮುಗಿಸುತ್ತ ಹೋಯಿತು. ಇನ್ನೊಂದು ಜಾತಿಯ ಕಳ್ಳಿ ಹೊಲಗಳಿಗೆ ನುಗ್ಗಿದಾಗ 1926ರಲ್ಲಿ ಸಿಂಹಳದಿಂದ ಬೇರೆ ಪ್ರಭೇದದ ಕೀಟ ತರಿಸಿ ಬಿಟ್ಟರು. ನೀವು ಈಗ ನೋಡುವ ಬಿಳಿ ಹತ್ತಿ ಬಹುಮಟ್ಟಿಗೆ ಅದರ ಸಂತತಿ. ಪ್ರಭೇದ ಗುರುತಿಸುವುದರಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ಪಾಠ ಮಾಡುವಾಗ ನಾನು ಈ ಉದಾಹರಣೆಯನ್ನೇ ಕೊಡುತ್ತಿದ್ದೆ.

ಮಗಳಿಗೆ ಒಂದು ಕಿವಿಮಾತು. ಬೀಟ್‌ರೂಟು, ಪಾಲಕ್ ಇರುವ ಕೀನೊಪೋಡಿಯೇಸಿ ಕುಟುಂಬವನ್ನು ಎಪಿಜಿ ದಂಟಿನ ಅಮರಾಂಥೇಸಿಯೊಳಗೆ ಸೇರಿಸಿದೆ, ಕೆಲವು ತಜ್ಞರು ಇನ್ನೂ ಬೇರೆ ಎನ್ನುತ್ತಾರೆ. ಬೆಂಥಮ್-ಹೂಕರ್ ಪದ್ಧತಿಯಲ್ಲಿ ಕಳ್ಳಿ ಇರುವ ಜಾಗವೇ ಬೇರೆ. ಆದ್ದರಿಂದ ಪರೀಕ್ಷೆಯಲ್ಲಿ ಗಿಡದ ಗಣ, ಕುಟುಂಬ ಬರೆಯುವಾಗ ಯಾವ ಪದ್ಧತಿಯ ಪ್ರಕಾರ ಎಂದು ಮೊದಲ ಸಾಲಿನಲ್ಲೇ ಬರೆಯಲಿ. ಹಾಲುಗಳ್ಳಿಯ ಕಾಯಿ ಬಿಡಿಸುವಾಗ ಹಾಲು ಕಣ್ಣಿಗೆ ತಾಕದ ಹಾಗೆ ನೋಡಿಕೊಳ್ಳಿ. ತಾಕಿದರೆ ತಕ್ಷಣ ಧಾರಾಳವಾಗಿ ನೀರು ಹಾಕಿ ತೊಳೆದು, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.